ಹುಲಿಗೊಂದು ಗುಂಡು, ಆನೆಗೊಂದು ಗುಂಡು

ವಿಜಯನಗರ, ಬಸವೇಶ್ವರನಗರಗಳ ನಡುವೆ ಹಾದು ಪಶ್ಚಿಮಕ್ಕೆ ಸಾಗುವ ಮಾಗಡಿ ರಸ್ತೆಯಲ್ಲಿ ಇಂದು ಸಂಜೆಯ ಹೊತ್ತಿಗೆ ಒಂದು ಬೈಸಿಕಲ್ಲು ನುಸುಳುವುದಕ್ಕೂ ಎಡೆಯಿಲ್ಲ. ಟೋಲ್‌ಗೇಟಿನಿಂದ ಸುಂಕದಕಟ್ಟೆಯ ತನಕ ಅಂಗಡಿಗಳ ದೀಪ, ವಾಹನಗಳ ಕೂಗು. ೧೯೪೯ರಲ್ಲಿ ರಾಜಾಜಿನಗರ ಹೊಸ ಬಡಾವಣೆಯಾಗಿ ತಲೆಯೆತ್ತಿದಾಗ ಇದೇ ಹಾದಿಯ ಎರಡು ಬದಿಗೂ ರಾಗಿಯ ಹೊಲ, ಮಾವಿನ ತೋಪು, ಕೆರೆಯ ಏರಿ. ಮುಂದೆ ತಾವರೆಕೆರೆ, ಅದರಾಚೆ ಅರ್ಕಾವತಿಯ ಕಣಿವೆ, ಅದನ್ನೂ ದಾಟಿದರೆ ೧,೨೨೬ ಮೀಟರು ಎತ್ತರದ ಸಾವನದುರ್ಗದ ಬಂಡೆ, ಅದರ ಬುಡದ ಕುರುಚಲು ಕಾಡು. ಕೆಂಗೇರಿಯ ಕಡೆಯಿಂದ ಮೈಸೂರು ರಸ್ತೆ ಹಿಡಿದವರಿಗೆ ಅಂದು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದ ಬಂಡೆಗಳು ಎದುರಾಗುತ್ತಿದ್ದವು. ಚಿರತೆ, ಕರಡಿ, ಹಂದಿಗಳ ಸೀಮೆ ಅದು. ಶನಿವಾರ ಕಚೇರಿ ಮುಗಿಸಿ, ಜೋಡುನಳಿಗೆಯ ಬಂದೂಕನ್ನು ಹೆಗಲಿಗೇರಿಸಿ, ಬಾಡಿಗೆಯ ಜೀಪಿನಲ್ಲಿ ಈ ರಸ್ತೆಗಳಲ್ಲಿ ಹೊರಟ ಬೆಂಗಳೂರಿನ ಶಿಕಾರಿಗಳು ಒಬ್ಬಿಬ್ಬರಲ್ಲ.

ಅವರೆಲ್ಲರ ಪೈಕಿ ಹೆಸರುಳಿಸಿಕೊಂಡವರು ಕೆನೆತ್ ಆಂಡರ್ಸನ್. ೧೯೧೦ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಇಲ್ಲಿಯೇ ಉದ್ಯೋಗ ಮಾಡಿ, ೧೯೭೪ರಲ್ಲಿ ಇದೇ ನಗರದಲ್ಲಿ ಕಾಲವಾದ ಈ ಬೇಟೆಗಾರರ ಮೊದಲ ಪುಸ್ತಕ ೧೯೫೪ರಲ್ಲಿ ಹೊರಬಂದಿತು. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಹೆಸರಿನಲ್ಲಿ ಅವರ ಬರಹಗಳನ್ನು ಕನ್ನಡಕ್ಕೆ ತಂದ ಮೇಲೆ ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಮಾತುಗಳು ಕನ್ನಡದ ಮನೆಗಳಲ್ಲಿ ಮಕ್ಕಳ ಬಾಯಿಗೂ ಬಂದವು.

ಇಂಥ ಕತೆಗಳನ್ನು ಓದುವಾಗ ಬಂದೂಕಿನ ಕುದುರೆಯನ್ನು ಎಳೆಯುವ ಗಳಿಗೆಯಲ್ಲಿ ಓದುಗರ ಉಸಿರು ನಿಲ್ಲುತ್ತದೆ. ಆದರೆ ಆ ಗಳಿಗೆಯ ಫಲಾಫಲ ಎಷ್ಟೋ ಸಲ ಹಿಂದಿನ ರಾತ್ರಿಯೇ, ಮನೆಯ ಮೇಜಿನ ಮೇಲೆ, ತೋಟಾಗಳ ಡಬ್ಬಿಯ ಮುಂದೆ ತೀರ್ಮಾನವಾಗಿರುತ್ತಿತ್ತು. ನಾಳೆ ಯಾವ ಪ್ರಾಣಿ ಎದುರಾಗಲಿದೆ? ಅದಕ್ಕೆ ತಕ್ಕ ಗುಂಡು ಯಾವುದು? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವನು ಬರಿಗೈಯಲ್ಲಿ ಹಿಂದಿರುಗಿದರೆ ಪುಣ್ಯ. ಅವನ ತಪ್ಪಿಗೆ ಒಂದು ಹಳ್ಳಿಯೇ ದಂಡ ತೆತ್ತ ಸಂದರ್ಭಗಳೂ ಉಂಟು.

ತೊಲದ ಲೆಕ್ಕ

ತೋಟಾ ಬೇರೆ, ಗುಂಡು ಬೇರೆ. ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು—ಇವಿಷ್ಟೂ ಸೇರಿದರೆ ತೋಟಾ. ನಳಿಗೆಯಿಂದ ಹಾರಿ ಪ್ರಾಣಿಯನ್ನು ಮುಟ್ಟುವುದು ಗುಂಡು ಮಾತ್ರ. ಅದರ ತೂಕವನ್ನು ಶಿಕಾರಿಗಳು ಗ್ರೇನಿನಲ್ಲಿ ಹೇಳುತ್ತಾರೆ. ನಮ್ಮ ಅಕ್ಕಸಾಲಿಗರ ತೊಲಕ್ಕೆ ಸರಿಯಾಗಿ ೧೮೦ ಗ್ರೇನು. ಆದ್ದರಿಂದ ಈ ಲೆಕ್ಕ ಮನೆಯವರಿಗೂ ಕಷ್ಟವಲ್ಲ.

ಆಂಡರ್ಸನ್ನರ ಮೆಚ್ಚಿನ ಆಯುಧ ಅಮೆರಿಕದ ವಿಂಚೆಸ್ಟರ್ ಕಂಪನಿಯ ೧೮೯೫ನೆಯ ಮಾದರಿಯ ರೈಫಲು. ಕುದುರೆಯ ಸುತ್ತಲಿನ ಹಿಡಿಯನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಮುಂದಿನ ತೋಟಾ ತಾನೇ ನಳಿಗೆಗೆ ಏರುತ್ತಿತ್ತು. ಅದರ ತೋಟಾಕ್ಕೆ .೪೦೫ ಎಂಬ ಹೆಸರು. ೧೯೦೪ರಲ್ಲಿ ಬಳಕೆಗೆ ಬಂದದ್ದು. ಗುಂಡಿನ ತೂಕ ೩೦೦ ಗ್ರೇನು, ಎಂದರೆ ಒಂದು ತೊಲ ಮತ್ತು ಮೂರರಲ್ಲಿ ಎರಡು ಪಾಲು. ಸುಮಾರು ಹತ್ತೊಂಬತ್ತೂವರೆ ಗ್ರಾಂ. ವೇಗ ಸೆಕೆಂಡಿಗೆ ೨,೨೦೦ ಅಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ೧೯೦೯ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೊರಟಾಗ ಸಿಂಹಕ್ಕೆಂದು ಜೊತೆಯಲ್ಲಿ ಒಯ್ದದ್ದೂ ಇದೇ ಜಾತಿಯ ರೈಫಲನ್ನು.

ಸೆಕೆಂಡಿಗೆ ಮೂರು ಸಾವಿರ ಅಡಿಗೂ ಮಿಗಿಲಾಗಿ ಹಾರುವ ಗುಂಡುಗಳು ಆಂಡರ್ಸನ್ನರ ಕಾಲಕ್ಕೇ ಬಂದಿದ್ದವು. ಆದರೂ ನಮ್ಮ ಕಾಡುಗಳ ಬೇಟೆಗೆ ಈ ನಿಧಾನದ ಭಾರಿ ಗುಂಡೇ ಸಾಕಾಗಿತ್ತು. ಲಂಟಾನದ ಪೊದೆ, ಬಿದಿರಿನ ಮೆಳೆಗಳ ನಡುವೆ ಪ್ರಾಣಿ ಕಾಣಿಸುವುದೇ ಮೂವತ್ತು, ನಲವತ್ತು ಗಜಗಳ ದೂರದಲ್ಲಿ. ಅಟ್ಟಣೆಯ ಮೇಲೆ ಕುಳಿತು, ಬಂದೂಕಿಗೆ ಬಿಗಿದ ಟಾರ್ಚಿನ ಬೆಳಕಿನಲ್ಲಿ ಹೊಡೆಯುವಾಗ ಅಷ್ಟೂ ದೂರವಿರುವುದಿಲ್ಲ. ಅಲ್ಲಿ ಬೇಕಾದದ್ದು ದೂರ ಹಾರುವ ಶಕ್ತಿಯಲ್ಲ. ತಾಗಿದ ಕಡೆ ಆಳಕ್ಕೆ ಇಳಿಯುವ ಶಕ್ತಿ. ತೀರ ಹಗುರವಾದ, ಅತಿ ವೇಗದ ಗುಂಡು ಕೆಲವೊಮ್ಮೆ ಚರ್ಮದ ಅಡಿಯಲ್ಲೇ ಸಿಡಿದು ಪುಡಿಯಾಗಿ, ಹೊರಗೆ ಅಂಗೈಯಗಲದ ಗಾಯ ಮಾಡಿ, ಒಳಗಿನ ಹೃದಯವನ್ನಾಗಲಿ ಶ್ವಾಸಕೋಶವನ್ನಾಗಲಿ ಮುಟ್ಟದೆ ಹೋಗುವುದುಂಟು. ಗಾಯ ದೊಡ್ಡದು, ಸಾವು ದೂರ: ಬೇಟೆಯಲ್ಲಿ ಇದಕ್ಕಿಂತ ಕೆಟ್ಟ ಫಲ ಮತ್ತೊಂದಿಲ್ಲ.

ಮೆದು ಮೂತಿ, ಗಟ್ಟಿ ಮೈ

ದೊಡ್ಡ ಬೇಟೆಯ ಗುಂಡುಗಳಲ್ಲಿ ಮುಖ್ಯವಾದ ಜಾತಿಗಳು ಎರಡು. ಒಂದರಲ್ಲಿ ಸೀಸದ ಮೈಗೆ ತಾಮ್ರ ಅಥವಾ ನಿಕ್ಕಲಿನ ಕವಚವಿದ್ದು, ತುದಿಯಲ್ಲಿ ಮಾತ್ರ ಸೀಸ ಬರಿದಾಗಿರುತ್ತದೆ. ಇದು ಮೆದುಮೂತಿಯ ಗುಂಡು. ಮಾಂಸಕ್ಕೆ ತಾಗಿದೊಡನೆ ಮೂತಿ ಚಪ್ಪಟೆಯಾಗಿ, ಮಳೆಗಾಲದ ಅಣಬೆಯಂತೆ ಅರಳಿ, ಕೆಲವೊಮ್ಮೆ ಮೊದಲಿನ ಎರಡರಷ್ಟು ಅಗಲವಾಗುತ್ತದೆ. ಮತ್ತೊಂದರಲ್ಲಿ ಕವಚ ಮೂತಿಯನ್ನೂ ಪೂರ್ತಿಯಾಗಿ ಮುಚ್ಚಿರುತ್ತದೆ. ಇದು ಗಟ್ಟಿಗುಂಡು. ಏನನ್ನು ತಾಗಿದರೂ ಆಕಾರ ಕೆಡದೆ ನೇರವಾಗಿ ಕೊರೆದುಕೊಂಡು ಹೋಗುವುದು ಇದರ ಗುಣ.

ಹುಲಿಯ ಮೈ ಬಲಿಷ್ಠವಾದರೂ ಚರ್ಮ ತೆಳುವು, ಎಲುಬು ಹಗುರ. ದೊಡ್ಡ ಗಂಡುಹುಲಿ ಇನ್ನೂರು ಕಿಲೋ ತೂಗಬಹುದು; ಚಿರತೆ ಐವತ್ತು, ಅರವತ್ತು ಕಿಲೋ. ಇಂಥ ಪ್ರಾಣಿಗೆ ಗಟ್ಟಿಗುಂಡು ಹೊಡೆದರೆ ಅದು ಈ ಪಕ್ಕೆಯಿಂದ ಹೊಕ್ಕು ಆ ಪಕ್ಕೆಯಿಂದ ಹೊರಬಿದ್ದು, ಶಕ್ತಿಯ ಬಹುಪಾಲನ್ನು ಹಿಂದಿನ ಮಣ್ಣಿನ ದಿಬ್ಬಕ್ಕೆ ವ್ಯಯ ಮಾಡುತ್ತದೆ. ಪ್ರಾಣಿ ಸಣ್ಣ ತೂತಿನೊಂದಿಗೆ ಪೊದೆಯೊಳಗೆ ಮಾಯವಾಗುತ್ತದೆ. ಆದುದರಿಂದ ಹುಲಿ, ಚಿರತೆ, ಕರಡಿಗಳಿಗೆ ಮೆದುಮೂತಿ.

ಆನೆಯ ವಿಷಯ ಇದಕ್ಕೆ ತದ್ವಿರುದ್ಧ. ಅದರ ತಲೆಬುರುಡೆ ಹೊರಗಿನಿಂದ ಬಂಡೆಯಂತೆ ಕಂಡರೂ ಒಳಗೆ ಜೇನುಹುಟ್ಟಿನಂತೆ ಗಾಳಿಯ ಗೂಡುಗಳಿಂದ ತುಂಬಿದೆ. ಈ ಗೂಡುಗಳ ಹಿಂದೆ, ಕೆಳಗೆ, ಮಿದುಳು ಅಡಗಿದೆ. ಮೆದುಮೂತಿಯ ಗುಂಡು ಈ ಗೂಡುಗಳ ಮೊದಲ ಗೋಡೆಯಲ್ಲೇ ಅರಳಿ ನಿಂತುಬಿಡುತ್ತದೆ. ಮಿದುಳನ್ನು ತಲಪದ ಗುಂಡು ಆನೆಯನ್ನು ಕೊಲ್ಲುವುದಿಲ್ಲ, ಕೆರಳಿಸುತ್ತದೆ. ನಾಲ್ಕೈದು ಸಾವಿರ ಕಿಲೋ ತೂಕದ ಪ್ರಾಣಿ ನೋವಿನಿಂದ ಹುಚ್ಚೆದ್ದಾಗ ಹೊಡೆದವನಿಗಿಂತ ಮೊದಲು ಗಂಡಾಂತರ ಬರುವುದು ಅವನ ಮುಂದೆ ಜಾಡು ಹಿಡಿದು ನಡೆಯುವ ಸೋಲಿಗನಿಗೆ, ಕುರುಬನಿಗೆ. ಆನೆಗೆ ಗಟ್ಟಿಗುಂಡೇ ಸರಿ ಎಂಬ ಮಾತಿನಲ್ಲಿ ಎರಡು ಅಭಿಪ್ರಾಯವಿರಲಿಲ್ಲ. ಆದರೆ ಆನೆಯನ್ನು ಮನಬಂದಂತೆ ಹೊಡೆಯುವಂತಿರಲಿಲ್ಲ. ಮದರಾಸಿನಲ್ಲಿ ೧೮೭೩ರಲ್ಲೂ ಬ್ರಿಟಿಷ್ ಇಂಡಿಯದಲ್ಲಿ ೧೮೭೯ರಲ್ಲೂ ಆನೆಗಳ ರಕ್ಷಣೆಗೆ ಕಾಯಿದೆಗಳು ಬಂದಿದ್ದವು. ಪುಂಡಾನೆಯೆಂದು ಸರಕಾರ ಸಾರಿದ ಆನೆಯನ್ನು ಮಾತ್ರ ಹೊಡೆಯಬಹುದಾಗಿತ್ತು.

ಇವೆರಡರ ನಡುವೆ ಶಿಕಾರಿಗಳನ್ನು ಚರ್ಚೆಗೆ ಎಳೆಯುತ್ತಿದ್ದುದು ಕಾಟಿ, ಎಂದರೆ ಕಾಡುಕೋಣ. ಒಂಬೈನೂರು ಕಿಲೋಗೂ ಮಿಕ್ಕಿ ಬೆಳೆಯುವ ಈ ಪ್ರಾಣಿಯ ಭುಜದ ಮಾಂಸಖಂಡ ಗೋಡೆಯಂಥದು. ಹಗುರವಾದ ಮೆದುಮೂತಿ ಅಲ್ಲಿಯೇ ತಡೆದು ನಿಲ್ಲುತ್ತದೆ. ಭಾರಿ ತೂಕದ ಮೆದುಮೂತಿಯಾದರೆ ಸರಿಯೆಂದು ಕೆಲವರು, ಗಟ್ಟಿಗುಂಡೇ ಬೇಕೆಂದು ಕೆಲವರು. ಈ ವಾದಕ್ಕೆ ಮಧ್ಯಮಾರ್ಗದಂತೆ ಒದಗಿದ್ದು ೧೯೧೨ರಲ್ಲಿ ಇಂಗ್ಲೆಂಡಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಹೊರತಂದ .೩೭೫ ತೋಟಾ. ಅದರಲ್ಲಿ ೩೦೦ ಗ್ರೇನಿನ ಎರಡು ಜಾತಿಯ ಗುಂಡೂ ದೊರೆಯುತ್ತಿದ್ದುದರಿಂದ ಒಂದೇ ರೈಫಲಿನಲ್ಲಿ ಜಿಂಕೆಯಿಂದ ಆನೆಯವರೆಗೆ ನಿಭಾಯಿಸಬಹುದೆಂದು ಹೆಸರಾಯಿತು.

ಫಿರಂಗಿಯಿಂದ ಪೆನ್ಸಿಲ್ಲಿನವರೆಗೆ

ಹತ್ತೊಂಬತ್ತನೆಯ ಶತಮಾನದ ಶಿಕಾರಿಗೆ ಇಷ್ಟೊಂದು ಆಯ್ಕೆ ಇರಲಿಲ್ಲ. ಕರಿಮದ್ದಿನಿಂದ ಹೆಚ್ಚು ವೇಗ ಬಾರದು. ಬಲ ಬೇಕಾದರೆ ಗುಂಡನ್ನೇ ದಪ್ಪ ಮಾಡಬೇಕು. ಒಂದು ಪೌಂಡು ಸೀಸದಲ್ಲಿ ಎಷ್ಟು ಗುಂಡು ಎರಕವಾಗುವುವೋ ಅದೇ ಬಂದೂಕಿನ ನಂಬರು. ಹನ್ನೆರಡನೆಯ ನಂಬರಿನ ಬಂದೂಕು ಎಂಬ ಹೆಸರು ಇಂದಿಗೂ ಉಳಿದಿರುವುದು ಆ ಲೆಕ್ಕದಿಂದಲೇ. ಮೈಸೂರು ಸೀಮೆಯಲ್ಲಿ ಖೆಡ್ಡಾ ಕಟ್ಟಿ ಆನೆಗಳನ್ನು ಹಿಡಿಸಿ, ೧೮೭೮ರಲ್ಲಿ ತನ್ನ ವನ್ಯಾನುಭವಗಳನ್ನು ಪ್ರಕಟಿಸಿದ ಸ್ಯಾಂಡರ್ಸನ್ ಸಾಹೇಬನ ಕಾಲದಲ್ಲಿ ಆನೆಗೆಂದು ನಾಲ್ಕನೆಯ ನಂಬರಿನ ಬಂದೂಕುಗಳಿದ್ದವು. ನಂಬರಿನ ಲೆಕ್ಕದಂತೆ ಅದರ ಒಂದೊಂದು ಗುಂಡೂ ಕಾಲು ಪೌಂಡು, ಸುಮಾರು ಒಂಬತ್ತು ಮುಕ್ಕಾಲು ತೊಲ! ಬಂದೂಕಿನ ತೂಕ ಎಂಟು ಕಿಲೋ ಆಸುಪಾಸು. ಹೊಡೆದವನ ಹೆಗಲಿಗೆ ಅದು ಕೊಡುತ್ತಿದ್ದ ಒದೆತವನ್ನು ವಾಚಕರು ಊಹಿಸಿಕೊಳ್ಳಬಹುದು.

ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದ ಮೇಲೆ ಸ್ಥಿತಿ ಬದಲಾಯಿತು. ಗುಂಡು ಕಿರಿದಾಯಿತು, ವೇಗ ಹೆಚ್ಚಿತು. ೧೮೯೮ರಲ್ಲಿ ಇಂಗ್ಲೆಂಡಿನ ರಿಗ್ಬಿ ಕಂಪನಿ .೪೫೦ ತೋಟಾವನ್ನು ಹೊರತಂದಿತು. ಆದರೆ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಅಳತೆಯೂ .೪೫೦. ಗುಂಡುಗಳು ದಂಗೆಕೋರರ ಕೈಸೇರಿಯಾವೆಂಬ ಭಯದಿಂದ ೧೯೦೭ರಲ್ಲಿ ಸರಕಾರ ಭಾರತಕ್ಕೆ ಆ ಅಳತೆಯ ಆಮದನ್ನೇ ನಿಲ್ಲಿಸಿತು. ಕಂಪನಿಗಳು ಸೋಲೊಪ್ಪಲಿಲ್ಲ. .೪೬೫, .೪೭೦, .೪೭೫ ಎಂದು ಕೂದಲೆಳೆಯ ಅಂತರದ ಹೊಸ ಅಳತೆಗಳು ಹುಟ್ಟಿದವು. ಹೀಗೆ .೪೭೦ರ ಐನೂರು ಗ್ರೇನಿನ, ಎರಡೂ ಮುಕ್ಕಾಲು ತೊಲದ ಗುಂಡು ಪ್ರಸಿದ್ಧಿಗೆ ಬಂದುದರ ಹಿಂದೆ ಬೇಟೆಯ ಕಾರಣಕ್ಕಿಂತ ರಾಜಕಾರಣವೇ ಹೆಚ್ಚಾಗಿತ್ತು.

ನಮ್ಮ ಬಿಸಿಲೂ ತನ್ನ ಪಾಲನ್ನು ಕೇಳುತ್ತಿತ್ತು. ಕಾರ್ಡೈಟ್ ಕಾದಷ್ಟೂ ಒಳಗಿನ ಒತ್ತಡ ಏರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸರಿಹೋದ ತೋಟಾ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೋಶ ಕಚ್ಚಿಕೊಂಡು ಹೊರಬಾರದೆ ನಿಲ್ಲಬಹುದು. ಎರಡನೆಯ ಗುಂಡು ಬೇಕಾದ ಗಳಿಗೆಯಲ್ಲಿ ಹಾಗಾದರೆ ಗತಿಯೇನು? ಅದಕ್ಕೆಂದೇ ಉಷ್ಣದೇಶಗಳಿಗೆ ಮದ್ದು ತಗ್ಗಿಸಿದ ತೋಟಾಗಳನ್ನು ಬೇರೆಯಾಗಿ ತಯಾರಿಸುತ್ತಿದ್ದರು.

ಕಿರಿಯ ಗುಂಡಿನ ಪಕ್ಷಪಾತಿಗಳು ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ ಎಂಬಾತನ ಹೆಸರನ್ನು ಮುಂದಿಡುತ್ತಿದ್ದರು. ಆತ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಹೊಡೆದನು. ಅವುಗಳಲ್ಲಿ ಬಹಳಷ್ಟಕ್ಕೆ ಬಳಸಿದ್ದು ೧೭೩ ಗ್ರೇನಿನ, ಎಂದರೆ ಒಂದು ತೊಲಕ್ಕೂ ಕಡಿಮೆ ತೂಕದ, ಪೆನ್ಸಿಲ್ಲಿನಂತೆ ಸಪೂರವಾದ ಗಟ್ಟಿಗುಂಡು. ಆದರೆ ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಯಾವ ಕೋನದಿಂದ ಎಲ್ಲಿ ಸಿಗುವುದೆಂದು ಅಭ್ಯಾಸ ಮಾಡಿದವನು. ಆ ಅಭ್ಯಾಸವಿಲ್ಲದೆ ಗುಂಡನ್ನು ಮಾತ್ರ ಅನುಕರಿಸಿದವರಿಗೆ ಆನೆಯ ಮುಂದೆ ಉಳಿಗಾಲವಿರಲಿಲ್ಲ.

ಅರಳುವ ಗುಂಡಿಗೆ ಇನ್ನೊಂದು ಚರಿತ್ರೆಯೂ ಇದೆ. ಕಲ್ಕತ್ತೆಯ ಹತ್ತಿರದ ಡಂ ಡಂ ಕಾರ್ಖಾನೆಯಲ್ಲಿ ೧೮೯೦ರ ದಶಕದಲ್ಲಿ ಸೈನಿಕರಿಗೆಂದು ಮೆದುಮೂತಿಯ ಗುಂಡನ್ನು ತಯಾರಿಸಿದರು. ಮನುಷ್ಯನ ಮೇಲೆ ಅದರ ಪ್ರಯೋಗ ಅತಿ ಕ್ರೂರವೆಂದು ೧೮೯೯ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದನ್ನು ನಿಷೇಧಿಸುವ ಘೋಷಣೆ ಮಾಡಿತು. ಬೇಟೆಯಲ್ಲಿ ಮಾತ್ರ ನ್ಯಾಯ ತಿರುಗುಮುರುಗು. ಪ್ರಾಣಿ ನರಳದೆ ಒಡನೆ ಸಾಯಬೇಕೆಂಬ ಕಾರಣದಿಂದ ಇಂಗ್ಲೆಂಡಿನ ಕಾಯಿದೆ ಜಿಂಕೆಗೆ ಅರಳುವ ಗುಂಡನ್ನೇ ಬಳಸಬೇಕೆಂದು ವಿಧಿಸಿದೆ.

ಮೂರೇ ಮೂರು ತೋಟಾ

ಗುಂಡಿನ ಆಯ್ಕೆಯಲ್ಲಿ ಸಂಖ್ಯೆಯೂ ಒಂದು ಭಾಗವೆಂಬುದಕ್ಕೆ ಜಿಮ್ ಕಾರ್ಬೆಟ್ಟರ ಅನುಭವಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ೧೯೦೭ರಲ್ಲಿ ಕುಮಾವೂನಿನ ಚಂಪಾವತದಲ್ಲಿ ಅವರು ಒಂದು ಹೆಣ್ಣುಹುಲಿಯ ಬೆನ್ನುಹತ್ತಿದರು. ಅದಕ್ಕೆ ಬಲಿಯಾದವರು ೪೩೬ ಜನವೆಂದು ಅವರೇ ಬರೆದಿದ್ದಾರೆ. ತಹಶೀಲ್ದಾರರ ಏರ್ಪಾಟಿನಂತೆ ಹಳ್ಳಿಯ ಜನ ಸೋವು ಹತ್ತಿದರು. ಕಾರ್ಬೆಟ್ಟರ ಬಳಿ .೫೦೦ ರೈಫಲು, ಜೇಬಿನಲ್ಲಿ ಮೂರೇ ತೋಟಾ. ಮೂರೂ ತೀರಿತು, ಹುಲಿ ಗಾಯಗೊಂಡು ಎದುರಿಗೇ ನಿಂತಿತ್ತು. ಅವರು ಓಡಿಹೋಗಿ ತಹಶೀಲ್ದಾರರ ಬಂದೂಕನ್ನು ಕಿತ್ತುಕೊಂಡು ಬಂದರು. ಎತ್ತಿ ಹಿಡಿದಾಗ ನಳಿಗೆಗೂ ತಳಕ್ಕೂ ನಡುವೆ ದೊಡ್ಡ ಬಿರುಕು ಕಾಣಿಸಿತು. ಬೇರೆ ದಾರಿಯಿಲ್ಲದೆ ತೆರೆದ ಬಾಯಿಗೆ ಗುರಿಯಿಟ್ಟು ಹೊಡೆದರೆ ಗುಂಡು ತಾಗಿದ್ದು ಪಂಜಕ್ಕೆ. ಮೊದಲಿನ ಗುಂಡುಗಳ ಗಾಯದಿಂದಲೇ ಸಾಯುತ್ತಿದ್ದ ಹುಲಿ ಆ ಗಳಿಗೆಯಲ್ಲಿ ಕುಸಿದುದು ಅವರ ಆಯುಸ್ಸು ಗಟ್ಟಿಯಿದ್ದುದರಿಂದ.

ಅನಂತರ ಹುಲಿಯ ಬಾಯನ್ನು ಪರೀಕ್ಷಿಸಿದಾಗ ಕಂಡದ್ದು ಇನ್ನೂ ಮುಖ್ಯವಾದ ಸಂಗತಿ. ಬಲಗಡೆಯ ಕೋರೆಹಲ್ಲುಗಳು ಎರಡೂ ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ಎಲುಬಿನ ತನಕ. ಅದು ಹಳೆಯ ಗುಂಡೇಟಿನ ಫಲ. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಹೋದ ಹುಲಿ ಮನುಷ್ಯನ ಮೇಲೆ ತಿರುಗಿಬಿದ್ದಿತ್ತು. ಯಾವನೋ ಒಬ್ಬನು, ಎಂದೋ ಒಂದು ದಿನ, ಗುರಿತಪ್ಪಿ ಹೊಡೆದು, ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸದೆ ಮನೆಗೆ ಹೋಗಿ ಮಲಗಿದನು. ಅದರ ಬೆಲೆಯನ್ನು ತೆತ್ತವರು ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದ ಹೆಂಗಸರು. ಗಾಯಗೊಳಿಸಿದವನೇ ಜಾಡು ಹಿಡಿದು ಹೋಗಿ ಮುಗಿಸತಕ್ಕದ್ದು ಎಂಬ ಶಿಕಾರಿಯ ಕಟ್ಟಳೆ ಇಂಥ ಅನುಭವಗಳಿಂದ ಗಟ್ಟಿಯಾಯಿತು.

ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಈ ಅಪಾಯ ಬೇರೆ ರೂಪದಲ್ಲಿತ್ತು. ರೈತನ ಕೈಯಲ್ಲಿದ್ದುದು ಬೆಳೆ ಕಾಯುವ ಕೋವಿ, ಹೆಚ್ಚೆಂದರೆ ಹನ್ನೆರಡನೆಯ ನಂಬರಿನ ಬಂದೂಕು. ಕಾಡುಹಂದಿಗೆಂದು ತುಂಬಿದ ಸಣ್ಣ ಚರೆಯನ್ನು ಕೊಟ್ಟಿಗೆಗೆ ನುಗ್ಗಿದ ಚಿರತೆಯ ಮೇಲೆ ಹಾರಿಸಿದರೆ ಚರೆಗಳು ಚರ್ಮದಡಿಯಲ್ಲಿ ಕುಳಿತು ಕೀವು ಹಿಡಿಯುತ್ತಿದ್ದವು. ಅನುಭವಿಗಳು ಚಿರತೆಗೆ ಎಲ್.ಜಿ. ತೋಟಾವನ್ನು ಆರಿಸುತ್ತಿದ್ದರು. ಅದರಲ್ಲಿ ಇರುವುದು ಆರೇಳು ದಪ್ಪ ಚರೆ ಮಾತ್ರ. ಇಪ್ಪತ್ತು, ಇಪ್ಪತ್ತೈದು ಗಜದೊಳಗೆ ಅದು ಸಿಡಿಲು. ಐವತ್ತು ಗಜದಲ್ಲಿ ಚರೆಗಳು ಚದರಿ ಒಂದೆರಡು ತಾಗಿದರೆ ಹೆಚ್ಚು. ಜೊತೆಗೆ ಆ ಕಾಲದ ತೋಟಾಗಳ ಕೋಶ ಕಾಗದದ್ದು. ಮಳೆಗಾಲದ ತೇವಕ್ಕೆ ಉಬ್ಬಿ ನಳಿಗೆಯೊಳಗೆ ಸಿಕ್ಕಿಕೊಳ್ಳುವುದು ಅದರ ಹಳೆಯ ಚಾಳಿ.

ಎಷ್ಟೇ ಒಳ್ಳೆಯ ಗುಂಡಾದರೂ ತಾಗಬೇಕಾದ ಎಡೆ ತಪ್ಪಿದರೆ ವ್ಯರ್ಥ. ಅಡ್ಡಲಾಗಿ ನಿಂತ ಪ್ರಾಣಿಯಾದರೆ ಮುಂಗಾಲಿನ ಬುಡದ ಹಿಂದೆ, ಎದೆಯ ಕೆಳಭಾಗದಲ್ಲಿ ಹೃದಯ. ಅದರ ಸುತ್ತ ಶ್ವಾಸಕೋಶ. ಅಲ್ಲಿಗೆ ಹಾದಿ ಸಿಗುವ ತನಕ ಬೆರಳನ್ನು ತಡೆದಿಡುವುದೇ ಬೇಟೆಗಾರನ ದೊಡ್ಡ ವಿದ್ಯೆ. ನಡುವೆ ಒಂದು ಕಡ್ಡಿ ಅಡ್ಡವಾದರೂ ಗುಂಡು ಹಾದಿ ತಪ್ಪೀತು.

ಬಂದೂಕು ಇಳಿಸಿದ ಮೇಲೆ

ಕಾಲ ಬದಲಾಯಿತು. ೧೯೭೦ರಲ್ಲಿ ಹುಲಿಬೇಟೆ ದೇಶದಲ್ಲೆಲ್ಲ ನಿಷಿದ್ಧವಾಯಿತು. ೧೯೭೨ರ ಎಣಿಕೆಯಲ್ಲಿ ಸಿಕ್ಕಿದ ಹುಲಿಗಳು ೧,೮೨೭ ಮಾತ್ರ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೭೩ರ ಏಪ್ರಿಲ್ ೧ರಂದು ಹುಲಿ ಯೋಜನೆ ಆರಂಭವಾಗಿ, ನಮ್ಮ ಬಂಡೀಪುರ ಅದರ ಮೊದಲ ಒಂಬತ್ತು ಕಾಡುಗಳಲ್ಲಿ ಸೇರಿತು. ಬಂದೂಕು ಹಿಡಿದು ಸಾವನದುರ್ಗದ ದಾರಿ ಹಿಡಿಯುವ ಶನಿವಾರಗಳು ಮುಗಿದವು.

ಚಿರತೆಗಳು ಮಾತ್ರ ಹೊರಟುಹೋಗಲಿಲ್ಲ. ೨೦೨೨ರ ಡಿಸೆಂಬರಿನಲ್ಲಿ ಕೆಂಗೇರಿ, ತುರಹಳ್ಳಿ ಕಾಡಿನ ಸುತ್ತಮುತ್ತ ಚಿರತೆ ಕಾಣಿಸಿಕೊಂಡು ಬಡಾವಣೆಗಳ ಜನ ಸಂಜೆಯ ವಾಯುವಿಹಾರವನ್ನು ನಿಲ್ಲಿಸಿದ್ದರು. ೨೦೧೬ರ ಫೆಬ್ರವರಿ ೭ರಂದು ನಗರದ ಪೂರ್ವಭಾಗದ ಒಂದು ಶಾಲೆಯೊಳಗೆ ಚಿರತೆ ನುಗ್ಗಿತು. ಅದನ್ನು ಹಿಡಿಯಹೋದವರಲ್ಲಿ ಹಲವರು ಗಾಯಗೊಂಡರು. ಕೊನೆಗೆ ಮದ್ದಿನ ಸೂಜಿಗೆ ಬಿದ್ದ ಚಿರತೆಯನ್ನು ಜೀವಸಹಿತ ಸೆರೆಹಿಡಿದರು.

ಇಂದು ಅರಣ್ಯ ಇಲಾಖೆಯ ಪಶುವೈದ್ಯರ ಮುಂದಿರುವ ಡಬ್ಬಿಯಲ್ಲಿ ಸೀಸವಿಲ್ಲ. ಜೈಲಜೀನ್, ಕೆಟಮೀನ್ ಎಂಬ ಔಷಧಗಳಿವೆ. ಆದರೆ ಅವರು ಕೇಳಿಕೊಳ್ಳುವ ಪ್ರಶ್ನೆಗಳು ಹಳೆಯ ಶಿಕಾರಿ ಮೇಜಿನ ಮುಂದೆ ಕೇಳಿಕೊಂಡವೇ. ಪ್ರಾಣಿ ಯಾವುದು? ಎಷ್ಟು ಕಿಲೋ ತೂಗೀತು? ಎಷ್ಟು ದೂರದಲ್ಲಿದೆ? ಮದ್ದು ಕಡಿಮೆಯಾದರೆ ಚಿರತೆ ಅರೆಎಚ್ಚರದಲ್ಲಿ ಮೇಲೆ ಬೀಳುತ್ತದೆ. ಹೆಚ್ಚಾದರೆ ಉಸಿರು ನಿಲ್ಲುತ್ತದೆ. ಸೂಜಿ ನೆಟ್ಟ ಮೇಲೂ ಮದ್ದು ಹತ್ತುವುದಕ್ಕೆ ಹಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಕೆರಳಿದ ಪ್ರಾಣಿಯನ್ನು ಕಣ್ಣಿಂದ ಮರೆಯಾಗಗೊಡದೆ, ಜನರನ್ನು ದೂರವಿಟ್ಟು ಕಾಯಬೇಕು. ಮೊಬೈಲು ಹಿಡಿದು ಗೋಡೆಯ ಮೇಲೆ ಹತ್ತಿದ ನೂರಾರು ಜನರ ನಡುವೆ ಈ ಕಾಯುವಿಕೆ ಆಂಡರ್ಸನ್ನರ ಅಟ್ಟಣೆಯ ರಾತ್ರಿಗಿಂತ ಸುಲಭವಲ್ಲ.

ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ತಾತನ ಕಾಲದ ಒಂದು ಕಬ್ಬಿಣದ ಪೆಟ್ಟಿಗೆ ಉಂಟು. ಅದರ ತಳದಲ್ಲಿ ಹಿತ್ತಾಳೆ ಕಪ್ಪಾದ ಎರಡು ತೋಟಾ ಸಿಕ್ಕಿದರೆ ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು. ಒಲೆಗಾಗಲಿ ಕಸಕ್ಕಾಗಲಿ ಎಸೆಯಲೂ ಬಾರದು. ಮದ್ದು ಹಳೆಯದಾದರೂ ಜೀವಂತವಾಗಿರಬಹುದು. ೧೯೫೯ರ ಆಯುಧ ಕಾಯಿದೆಯಂತೆ ಲೈಸೆನ್ಸು ಇದ್ದವರು ತೀರಿಕೊಂಡ ಮೇಲೆ ಅವರ ಬಂದೂಕು, ತೋಟಾಗಳನ್ನು ತಡಮಾಡದೆ ಹತ್ತಿರದ ಪೊಲೀಸು ಠಾಣೆಗೆ ಅಥವಾ ಲೈಸೆನ್ಸುಳ್ಳ ವ್ಯಾಪಾರಿಗೆ ಒಪ್ಪಿಸಿ ರಸೀತಿ ಪಡೆಯತಕ್ಕದ್ದು. ತಾತನ ನೆನಪಿಗೆ ಅವರು ಹೇಳಿದ ಕತೆಯನ್ನು ಇಟ್ಟುಕೊಂಡರೆ ಸಾಕು. ರಾತ್ರಿ ಊಟದ ನಂತರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದನ್ನು ಹೇಳುವವರು, ಚಿರತೆ ಬಿದ್ದ ಭಾಗದ ಜೊತೆಗೆ, ಗುಂಡು ಹಾರಿಸದೆ ಬೆರಳು ತಡೆದ ಭಾಗವನ್ನೂ ಮರೆಯದೆ ಹೇಳಲಿ.